ಗುಂಡು ಮೊದಲು ತಾಗುವುದು ಮನೆಯ ಮಗುವಿಗೆ

ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿನಲ್ಲಿ ರಾತ್ರಿ ಹೊಲ ಕಾಯುವ ಕಷ್ಟ ಏನೆಂಬುದು ಕಾದವನಿಗೇ ಗೊತ್ತು. ಮಳೆ ಕಡಿಮೆ, ಸಾಲ ಹೆಚ್ಚು. ಕೈಗೆ ಬಂದ ಮೆಕ್ಕೆಜೋಳ, ಶೇಂಗಾವನ್ನು ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಮಣ್ಣುಪಾಲು ಮಾಡಿದರೆ ರೈತನಿಗೆ ಸಿಟ್ಟು ಬರುವುದು ಸಹಜ. ಇಂಥ ಸಿಟ್ಟಿಗೋ, ಜಿಂಕೆಯ ಬಾಡಿನ ಆಸೆಗೋ ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಅಟ್ಟದ ಮೇಲಿನ ನಾಡಬಂದೂಕು ಕೆಳಗಿಳಿಯುವುದುಂಟು.

ಇದರ ಕಾನೂನಿನ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಜಗಳೂರು ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವ ದಾರಿ ಇದೆ. ಆ ಪರಿಹಾರ ಬೇಗ ಬರಬೇಕು, ಸಾಕಷ್ಟು ಬರಬೇಕು ಎಂಬ ರೈತರ ಬೇಡಿಕೆ ನ್ಯಾಯವಾದದ್ದೇ.

ಆದರೆ ಈ ಅಂಕಣದ ಚಿಂತೆ ಬೇರೆ. ಬಂದೂಕಿಗೆ ಗುಂಡು ಬೇಕು. ಆ ಗುಂಡು ತಯಾರಾಗುವುದು ಎಷ್ಟೋ ವೇಳೆ ಮನೆಯ ಒಲೆಯ ಮೇಲೆ. ಹಳೆಯ ಬ್ಯಾಟರಿ ಒಡೆದು ಅದರ ಪ್ಲೇಟುಗಳನ್ನು ತೆಗೆಯುತ್ತಾರೆ. ಕಬ್ಬಿಣದ ಬಾಣಲೆಯಲ್ಲಿ ಸೀಸ ಕರಗಿಸಿ, ಮೇಲೆ ತೇಲುವ ಕಿಟ್ಟವನ್ನು ಸೌಟಿನಲ್ಲಿ ತೆಗೆದುಹಾಕಿ, ಅಚ್ಚಿಗೆ ಹೊಯ್ಯುತ್ತಾರೆ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನೂ ಹೀಗೆಯೇ ಮಾಡಿಕೊಳ್ಳುವವರಿದ್ದಾರೆ. ಪಕ್ಕದಲ್ಲಿ ಮಕ್ಕಳು ಕುಕ್ಕರಗಾಲಿನಲ್ಲಿ ಕುಳಿತು ಬೆಳ್ಳಿಯಂತೆ ಹೊಳೆಯುವ ದ್ರವವನ್ನು ಬೆರಗಿನಿಂದ ನೋಡುತ್ತಿರುತ್ತಾರೆ. ಆ ಗುಂಡು ಪ್ರಾಣಿಗೆ ತಾಗುವುದೋ ಇಲ್ಲವೋ ಹೇಳಲಾಗದು. ಆದರೆ ಅದರ ವಿಷ ಈ ಮಕ್ಕಳನ್ನು ಆಗಲೇ ತಾಗಿರುತ್ತದೆ.

ಒಲೆಯಿಂದ ದೇಹಕ್ಕೆ

ಸೀಸ 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಇನ್ನೂ ಕಾದಂತೆಲ್ಲ ಅದರಿಂದ ಕಣ್ಣಿಗೆ ಕಾಣದ ಹೊಗೆ ಏಳುತ್ತದೆ. ಕಟ್ಟಿಗೆಯ ಒಲೆಗೆ ಉಷ್ಣಮಾಪಕ ಇರುವುದಿಲ್ಲ. ಊದುಗೊಳವೆಯಿಂದ ಊದಿದರೆ ಕಾವು ಎಲ್ಲಿಗೆ ಹೋಗಿ ಮುಟ್ಟುವುದೋ ಯಾರಿಗೂ ತಿಳಿಯದು. ಹೊಗೆಯಷ್ಟೇ ಅಪಾಯವಾದದ್ದು ಬೂದಿಯಂಥ ಆ ಕಿಟ್ಟ. ಅದು ನುಣ್ಣನೆಯ ಪುಡಿಯಾಗಿ ನೆಲ, ಗೋಡೆ, ಹಾಸಿಗೆ, ನೀರಿನ ಕೊಡ ಎಲ್ಲದರ ಮೇಲೂ ಕೂರುತ್ತದೆ. ಎರಕ ಹೊಯ್ದವನ ಪಂಚೆ, ಅಂಗಿ, ಕೂದಲಿಗೂ ಅಂಟಿಕೊಳ್ಳುತ್ತದೆ. ಕೆಲಸ ಮುಗಿಸಿ ಬಂದ ತಂದೆ ಮಗುವನ್ನು ಎತ್ತಿಕೊಂಡರೆ ಸಾಕು, ವಿಷ ಕೈ ಬದಲಾಯಿಸಿತೆಂದೇ ಲೆಕ್ಕ.

ಅಂಬೆಗಾಲಿಡುವ ಮಗು ದಿನವಿಡೀ ನೆಲ ಮುಟ್ಟಿದ ಕೈಯನ್ನು ಬಾಯಿಗೆ ಇಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಮಗುವಿಗೆ ಕಬ್ಬಿಣಾಂಶ, ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ನಮ್ಮ ಬಡ ಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ನಿಮಗೆ ಗೊತ್ತೇ ಇದೆ. ಅಂದರೆ ಯಾವ ಮಗುವಿಗೆ ಊಟ ಸಾಲದೋ ಅದೇ ಮಗುವಿಗೆ ವಿಷ ಹೆಚ್ಚು ತಗುಲುತ್ತದೆ.

ದೇಹ ಸೇರಿದ ಸೀಸ ಸುಣ್ಣದ ವೇಷ ತೊಟ್ಟು ಎಲ್ಲೆಡೆ ನುಗ್ಗುತ್ತದೆ. ಬೆಳೆಯುತ್ತಿರುವ ಮಿದುಳನ್ನು ಕುಂದಿಸುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಲು ಬಿಡುವುದಿಲ್ಲ. ಮೂತ್ರಪಿಂಡಗಳನ್ನು ಕೆಡಿಸುತ್ತದೆ, ದೊಡ್ಡವರಲ್ಲಿ ರಕ್ತದೊತ್ತಡ ಏರಿಸುತ್ತದೆ. ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ಮೂಳೆಯಲ್ಲಿ ಕುಳಿತದ್ದು ದಶಕಗಟ್ಟಲೆ ಅಲ್ಲೇ ಇರುತ್ತದೆ. ಹೆಣ್ಣುಮಗು ಬೆಳೆದು ಬಸುರಿಯಾದಾಗ ಅದೇ ಸೀಸ ಮೂಳೆಯಿಂದ ಹೊರಬಂದು ಹೊಟ್ಟೆಯಲ್ಲಿರುವ ಕೂಸಿಗೆ ತಲುಪಬಲ್ಲದು. ಅಜ್ಜ ಎರಕ ಹೊಯ್ದದ್ದು ಮೊಮ್ಮಗಳ ಮಗುವನ್ನೂ ಬಿಡುವುದಿಲ್ಲವೆಂದರೆ ಇದೇ.

ಲಕ್ಷಣಗಳು ಮೋಸ ಮಾಡುತ್ತವೆ. ಹೊಟ್ಟೆನೋವು, ಮಲಬದ್ಧತೆ, ಊಟ ಸೇರದಿರುವುದು, ಸಿಡಿಮಿಡಿ, ಓದಿನಲ್ಲಿ ಹಿಂದೆ ಬೀಳುವುದು. ಇವನ್ನು ನೋಡಿ ನಾವು ಜಂತುಹುಳು ಎನ್ನುತ್ತೇವೆ, ದೃಷ್ಟಿ ಎನ್ನುತ್ತೇವೆ, ಹುಡುಗ ದಡ್ಡ ಎನ್ನುತ್ತೇವೆ. ವಿಷ ಮಿತಿಮೀರಿದಾಗ ಮಾತ್ರ ವಾಂತಿ, ಸೆಳವು, ಪ್ರಜ್ಞೆ ತಪ್ಪುವುದು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ.

ಇದು ಅತಿಶಯದ ಮಾತಲ್ಲ. ಆಫ್ರಿಕದ ಸೆನೆಗಲ್ ದೇಶದಲ್ಲಿ, ರಾಜಧಾನಿ ಡಕಾರ್ ಬಳಿಯ ಒಂದು ಬಡಾವಣೆಯ ಜನ ಹಳೆಯ ಬ್ಯಾಟರಿಗಳ ಸೀಸ ಬೆರೆತ ಮಣ್ಣನ್ನು ಜರಡಿ ಹಿಡಿದು ಮಾರುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ಬದುಕಿದ್ದ ಒಡಹುಟ್ಟಿದವರ, ತಾಯಂದಿರ ರಕ್ತದಲ್ಲೂ ಸೀಸ ತುಂಬಿತ್ತು.

"ನಮ್ಮಜ್ಜನಿಗೆ ಏನೂ ಆಗಲಿಲ್ಲ"

ಈ ಮಾತು ಬಂದೇ ಬರುತ್ತದೆ. ಅಜ್ಜ ಎಂಬತ್ತು ವರ್ಷ ಬಾಳಿರಬಹುದು. ಆದರೆ ಆ ಮನೆಯಲ್ಲಿ ಎಷ್ಟು ಗರ್ಭ ಇಳಿದವು, ಎಷ್ಟು ಮಕ್ಕಳು ಮಂಕಾದರು ಎಂದು ಲೆಕ್ಕ ಇಟ್ಟವರು ಯಾರು? ಸೀಸದ ಪೆಟ್ಟಿಗೆ ಗಾಯದ ಗುರುತಿಲ್ಲ. ಬಯಲಿನಲ್ಲಿ ಕಾಯಿಸಿದರೆ ಅಪಾಯವಿಲ್ಲ ಎನ್ನುವವರೂ ಇದ್ದಾರೆ. ಹೊಗೆ ಕಡಿಮೆಯಾದೀತು. ಅಂಗಳದ ಮಣ್ಣಿಗೆ ಬಿದ್ದ ಕಿಟ್ಟ ಎಲ್ಲಿಗೂ ಹೋಗುವುದಿಲ್ಲ. ಕೋಳಿ ಕೆದಕುವುದೂ ಮಗು ಆಡುವುದೂ ಅದೇ ಮಣ್ಣಿನಲ್ಲಿ. ಇನ್ನು ಒದ್ದೆಯಾದ ಅಚ್ಚಿಗೆ ಕುದಿಯುವ ಸೀಸ ಹೊಯ್ದರೆ ನೀರು ಥಟ್ಟನೆ ಹಬೆಯಾಗಿ ಸೀಸ ಮುಖಕ್ಕೆ ಸಿಡಿಯುತ್ತದೆ. ಕಣ್ಣು ಹೋಗಲು ಒಂದು ಹನಿ ನೀರು ಸಾಕು.

ಬಾಡಿನ ಆಸೆಯವರಿಗೂ ಒಂದು ಮಾತು. ಜಿಂಕೆಯ ಬೇಟೆಗೆ ಕಾನೂನಿನ ಅನುಮತಿ ಇರುವ ಅಮೆರಿಕದಲ್ಲಿ ಮನೆಯಲ್ಲೇ ಗುಂಡು ಎರೆಯುವ ಹವ್ಯಾಸಿಗಳಿದ್ದಾರೆ. ಅಲ್ಲಿನ ನಾರ್ತ್ ಡಕೋಟಾ ರಾಜ್ಯದಲ್ಲಿ 2008ರಲ್ಲಿ ಪರೀಕ್ಷೆ ನಡೆಸಿದಾಗ, ಬೇಟೆಯ ಮಾಂಸ ತಿನ್ನುವವರ ರಕ್ತದಲ್ಲಿ ತಿನ್ನದವರಿಗಿಂತ ಸೀಸ ಹೆಚ್ಚಿತ್ತು. ಸೀಸದ ಗುಂಡಿನಿಂದ ಕೊಂದ ಜಿಂಕೆಯ ಮಾಂಸವನ್ನು ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಕೊಡಬೇಡಿ ಎಂದು ಆರೋಗ್ಯಾಧಿಕಾರಿಗಳು ಹೇಳಬೇಕಾಯಿತು. ಗುಂಡು ಮಾಂಸ ಹೊಕ್ಕಾಗ ಕಣ್ಣಿಗೆ ಕಾಣದ ಚೂರುಗಳಾಗಿ ಹರಡುತ್ತದೆ. ಚರೆ ಆರಿಸಿ ತೆಗೆದರೂ ಅವು ಉಳಿಯುತ್ತವೆ. ಹುಣಸೆಹುಳಿ ಹಾಕಿ ಬೇಯಿಸಿದರೆ ಸೀಸ ಸಾರಿಗೂ ಇಳಿಯುತ್ತದೆ.

ನೀವೇನು ಮಾಡಬೇಕು?

ಮೊದಲನೆಯದು, ಸೀಸವನ್ನು ಮನೆಯಲ್ಲಿ ಕಾಯಿಸಲೇಬೇಡಿ. ಎಚ್ಚರಿಕೆಯಿಂದ ಕಾಯಿಸಿ ಎಂದು ಹೇಳಲು ನನಗೆ ಮನಸ್ಸಿಲ್ಲ, ಏಕೆಂದರೆ ನಮ್ಮ ಮನೆಗಳಲ್ಲಿ ಅಂಥ ಎಚ್ಚರಿಕೆ ಸಾಧ್ಯವಿಲ್ಲ. ಹಳೆಯ ಬ್ಯಾಟರಿ ಒಡೆಯದೆ, ಹೊಸದು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ.

ಈಗಾಗಲೇ ಕಾಯಿಸಿದ್ದರೆ ಆ ಬಾಣಲೆ, ಸೌಟುಗಳನ್ನು ಮತ್ತೆ ಅಡುಗೆಗೆ ಬಳಸಬೇಡಿ. ಎಷ್ಟು ತಿಕ್ಕಿದರೂ ಅವು ಅಡುಗೆಗೆ ಆಗುವುದಿಲ್ಲ. ನೆಲವನ್ನು ಕಸಬರಿಗೆಯಿಂದ ಗುಡಿಸಿದರೆ ಪುಡಿ ಮೇಲೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಆ ದಿನ ತೊಟ್ಟ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಮಕ್ಕಳ ಉಗುರು ಕತ್ತರಿಸಿ, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸಿ. ರಾಗಿ, ಸೊಪ್ಪು, ಕಾಳು, ಹಾಲು ಕೊಡಿ. ಹೊಟ್ಟೆ ತುಂಬಿದ ಮಗು ಸೀಸವನ್ನು ಕಡಿಮೆ ಹೀರುತ್ತದೆ.

ಮಗುವನ್ನು ವೈದ್ಯರಿಗೆ ತೋರಿಸುವಾಗ ಮನೆಯಲ್ಲಿ ಸೀಸ ಕಾಯಿಸಿದ್ದನ್ನು ಮುಚ್ಚಿಡಬೇಡಿ. ನೀವು ಹೇಳದೆ ವೈದ್ಯರಿಗೆ ಅದು ಹೊಳೆಯುವುದು ಕಷ್ಟ. ರಕ್ತದಲ್ಲಿನ ಸೀಸವನ್ನು ಪರೀಕ್ಷಿಸಲು ಕೇಳಿ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಇದ್ದರೂ ಸೀಸ ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಟ್ಟವೇ ಸೀಸಕ್ಕಿಲ್ಲ. ಪ್ರಮಾಣ ಬಹಳ ಹೆಚ್ಚಿದ್ದರೆ ಅದನ್ನು ಹೊರಹಾಕುವ ಔಷಧಿಗಳಿವೆ. ಆದರೆ ಮಿದುಳಿಗೆ ಆದ ನಷ್ಟವನ್ನು ಅವು ತುಂಬಿಕೊಡಲಾರವು.

ಸರ್ಕಾರಕ್ಕೂ ಕೆಲಸವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು 1990ರ ದಶಕದಿಂದಲೇ ಸೀಸದ ವಿಷಯದಲ್ಲಿ ದೇಶವನ್ನು ಎಚ್ಚರಿಸಿದರು. ಪೆಟ್ರೋಲಿಗೆ ಸೀಸ ಬೆರೆಸುವುದು 2000ದಲ್ಲಿ ನಿಂತಿತು. ನಗರದ ಗಾಳಿಯಿಂದ ಸೀಸವನ್ನು ಹೊರಗಟ್ಟಿದ ನಾವು ಹಳ್ಳಿಯ ಒಲೆಯನ್ನು ಮರೆತಿದ್ದೇವೆ. ರಕ್ತದಲ್ಲಿನ ಸೀಸದ ಪರೀಕ್ಷೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಸಿಗಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ "ಇಲ್ಲಿ ಸೀಸ ಕಾಯಿಸುತ್ತೀರಾ?" ಎಂದು ಕೇಳುವಂತಾಗಬೇಕು. ಆ ಪ್ರಶ್ನೆ ಪೊಲೀಸರ ಪ್ರಶ್ನೆಯಂತೆ ಕೇಳಿಸಬಾರದು. ಹೆದರಿದ ಮನೆ ನಿಜ ಹೇಳುವುದಿಲ್ಲ, ನಿಜ ಹೇಳದ ಮನೆಯ ಮಗು ಗುಣವಾಗುವುದಿಲ್ಲ.

ಮನೆಯ ತಾಯಂದಿರೇ, ಒಲೆ ನಿಮ್ಮದು. ಅದರ ಮೇಲೆ ಏನು ಬೇಯಬೇಕು, ಏನು ಬೇಯಬಾರದು ಎಂದು ಹೇಳುವ ಅಧಿಕಾರವೂ ನಿಮ್ಮದೇ. ಮುಂದಿನ ಸಲ ಯಾರಾದರೂ ಸೀಸದ ಬಾಣಲೆ ಹಿಡಿದು ಬಂದರೆ ಮೊದಲು ಮಗುವನ್ನು ಎತ್ತಿಕೊಳ್ಳಿ, ಆಮೇಲೆ ಒಲೆಗೆ ನೀರು ಹೊಯ್ಯಿರಿ.