ಬಾವುಟ ನೋಡಿ ಸುದ್ದಿ ನಂಬಬೇಡಿ!

ಗೆಳೆಯರೇ, ನಿಮಗೊಂದು ಪ್ರಶ್ನೆ. ನೀವು ಸುದ್ದಿಯನ್ನು ನಂಬುವುದು ಸುದ್ದಿ ನೋಡಿಯೋ, ಪಕ್ಷ ನೋಡಿಯೋ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ಊರಿನ ಯಾವ ಟೀ ಅಂಗಡಿಯಲ್ಲಾದರೂ ಕೂತು ನೋಡಿ. ಒಂದೇ ಪೇಪರು ಕೈಯಿಂದ ಕೈಗೆ ಹೋಗುತ್ತದೆ. ಒಬ್ಬನಿಗೆ ಅದು ಕಾಂಗ್ರೆಸ್ಸಿನ ಪೇಪರು, ಪಕ್ಕದವನಿಗೆ ಗೌಡರ ಪೇಪರು, ಮೂರನೆಯವನಿಗೆ ಬಿಜೆಪಿ ಪೇಪರು. ಒಳಗೆ ಏನು ಬರೆದಿದೆ ಎಂದು ಪೂರ್ತಿ ಓದುವ ವ್ಯವಧಾನ ಮಾತ್ರ ಯಾರಿಗೂ ಇಲ್ಲ!

ಈ ರೋಗ ನಮ್ಮ ಊರಿನದೊಂದೇ ಅಲ್ಲ. ಅಮೆರಿಕದಲ್ಲಿ 2016ರಲ್ಲಿ ಗ್ಯಾಲಪ್ ಸಂಸ್ಥೆ ಸಮೀಕ್ಷೆ ಮಾಡಿತು. ಪತ್ರಿಕೆ, ಟಿವಿ, ರೇಡಿಯೋ ಸುದ್ದಿಯನ್ನು ಸಾಕಷ್ಟು ನಂಬುತ್ತೇವೆ ಎಂದವರು ಡೆಮಾಕ್ರಟಿಕ್ ಪಕ್ಷದವರಲ್ಲಿ ನೂರಕ್ಕೆ 51 ಜನ, ರಿಪಬ್ಲಿಕನ್ ಪಕ್ಷದವರಲ್ಲಿ ಬರೀ 14.

ನಮ್ಮಲ್ಲಿ ಇನ್ನೊಂದು ತಮಾಷೆ ಇದೆ. ಇಲ್ಲಿ ಪಕ್ಷವೇ ನಿಂತ ಕಡೆ ನಿಲ್ಲುವುದಿಲ್ಲ. 2018ರಲ್ಲಿ ಜೆಡಿಎಸ್ ಮತ್ತು ಕಾಂಗ್ರೆಸ್ ಸೇರಿ ಸರ್ಕಾರ ಮಾಡಿದವು. 2023ರಲ್ಲಿ ಜೆಡಿಎಸ್ ಬಿಜೆಪಿಯ ಕೈ ಹಿಡಿಯಿತು. ಮಾಗಡಿಯ ಎಚ್.ಸಿ. ಬಾಲಕೃಷ್ಣ 2018ರಲ್ಲಿ ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದರು. ಚನ್ನಪಟ್ಟಣದ ಸಿ.ಪಿ. ಯೋಗೇಶ್ವರ್ 2024ರ ಅಕ್ಟೋಬರ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ, ನವೆಂಬರ್‌ನಲ್ಲಿ ಉಪಚುನಾವಣೆ ಗೆದ್ದರು. ಅದು ಅವರವರ ರಾಜಕೀಯ. ಆದರೆ ನಾಯಕರು ಹೋದ ಕಡೆಗೆಲ್ಲ ನಿಮ್ಮ ನಂಬಿಕೆಯೂ ಬಾಲದ ಹಾಗೆ ಹೋಗಬೇಕೇ? ನಿನ್ನೆಯವರೆಗೆ ಸುಳ್ಳುಬುರುಕ ಆಗಿದ್ದ ಚಾನೆಲ್ಲು ಇವತ್ತು ಬೆಳಿಗ್ಗೆ ಸತ್ಯಹರಿಶ್ಚಂದ್ರ ಆಗಿಬಿಡುತ್ತದೆಯೇ?

ಪತ್ರಿಕೆಗಳ ವಿಷಯದಲ್ಲಿ ಮೂರೂ ಪಕ್ಷದವರ ನಡತೆ ನೋಡಿ. ಕಾಂಗ್ರೆಸ್ ಸರ್ಕಾರವಿದ್ದ 2017ರಲ್ಲಿ ವಿಧಾನಸಭೆಯು ಹಕ್ಕುಚ್ಯುತಿಯ ಹೆಸರಿನಲ್ಲಿ ರವಿ ಬೆಳಗೆರೆ ಮತ್ತು ಅನಿಲ್ ರಾಜು ಎಂಬ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. 2019ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾಗಿದ್ದ ಜೆಡಿಎಸ್‌ನ ಕುಮಾರಸ್ವಾಮಿಯವರು ಮಾಧ್ಯಮಕ್ಕೆ ಕಡಿವಾಣ ಹಾಕಲು ಕಾನೂನು ತರುವ ಯೋಚನೆಯಿದೆ ಎಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಬಿಜೆಪಿ ಆಡಳಿತದಲ್ಲಿ, ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಖಾಸಗಿ ಚಾನೆಲ್‌ಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ಬಾವುಟ ಮೂರು, ಬುದ್ಧಿ ಒಂದೇ! ಕುರ್ಚಿಯ ಮೇಲೆ ಕೂತವನಿಗೆ ಕ್ಯಾಮೆರಾ ಕಣ್ಣಿಗೆ ಚುಚ್ಚುತ್ತದೆ. ಇವರಿಂದ ನಾವು ಯಾವ ಪೇಪರು ನಂಬಬೇಕು ಎಂದು ಪಾಠ ಹೇಳಿಸಿಕೊಳ್ಳಬೇಕೇ?

ಇದರಲ್ಲಿ ನಷ್ಟ ಯಾರಿಗೆ? ಬಿಡದಿ ಕಡೆ ನೋಡಿ. ಟೌನ್‌ಶಿಪ್ ಕಟ್ಟಲು ಸಾವಿರಾರು ಎಕರೆ ಜಮೀನು ತೆಗೆದುಕೊಳ್ಳಲು ಸರ್ಕಾರ 2025ರಲ್ಲಿ ಹೊರಟಿತು. ಬೈರಮಂಗಲದಲ್ಲಿ ರೈತರು ಧರಣಿ ಕೂತರು. ಇದು ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದ ಕಾಲದ ಯೋಜನೆ ಎಂದು ಕಾಂಗ್ರೆಸ್‌ನವರು ಹೇಳಿದರು. ಈಗಿನ ಸರ್ಕಾರ ರೈತರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ ಎಂದು ಜೆಡಿಎಸ್‌ನವರು ಹೇಳಿದರು. ಎರಡನ್ನೂ ಓದಿ ತೂಗಿ ನೋಡಬೇಕಾದವನು ರೈತನ ಮಗ. ಅವನು ತನ್ನ ಪಕ್ಷದ ಮಾತಷ್ಟೇ ಕೇಳಿದರೆ ಅವನಿಗೆ ಸಿಗುವುದು ಅರ್ಧ ಸುದ್ದಿ. ಜಮೀನು ಮಾತ್ರ ಪೂರ್ತಿ ಹೋಗುತ್ತದೆ!

ಹಾಗಾದರೆ ಯಾವುದನ್ನು ನಂಬಬೇಕು? ನಾನು ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ದೊಡ್ಡ ಸಿದ್ಧಾಂತ ಗೊತ್ತಿಲ್ಲ, ಕಸುಬಿನ ಮಾತು ಹೇಳುತ್ತೇನೆ. ಚುನಾವಣೆ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇದು 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ. ಅಚ್ಚು ಹಾಕಿಸುವವನು ತಾನು ಯಾರೆಂದು ಸಹಿ ಹಾಕಿ, ತನ್ನನ್ನು ಬಲ್ಲ ಇಬ್ಬರಿಂದ ದೃಢೀಕರಣ ಮಾಡಿಸಿ ಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಯಾವ ಪಕ್ಷದವನು ಬಂದರೂ ಪ್ರೆಸ್ಸಿನಲ್ಲಿ ಇದೇ ನಿಯಮ.

ಒಂದು ಹಾಳೆ ಕರಪತ್ರಕ್ಕೇ ಇಷ್ಟು ಕಟ್ಟುಪಾಡು. ದಿನವೂ ನಿಮ್ಮ ಮೊಬೈಲಿಗೆ ಬಂದು ಬೀಳುವ ವಾಟ್ಸಾಪ್ ಸುದ್ದಿಯ ಕೆಳಗೆ ಯಾರ ಹೆಸರಿದೆ? ನಾಳೆ ಸುಳ್ಳೆಂದು ಗೊತ್ತಾದರೆ ಯಾರ ಬಾಗಿಲು ತಟ್ಟುತ್ತೀರಿ?

ಆದ್ದರಿಂದ ಗೆಳೆಯರೇ, ಸುದ್ದಿ ಕೈಗೆ ಬಂದಾಗ ಬಾವುಟ ಹುಡುಕಬೇಡಿ, ಹೆಸರು ಹುಡುಕಿ. ಬರೆದವನು ಯಾರು, ಯಾವ ಊರು, ಯಾವ ದಿನ, ಎಷ್ಟು ಎಕರೆ ಎಂದು ಕೇಳಿ. ನಿಮಗಾಗದ ಪೇಪರನ್ನೂ ಒಮ್ಮೆ ಓದಿ. ತಪ್ಪಾದಾಗ ತಿದ್ದುಪಡಿ ಹಾಕುವ ಪತ್ರಿಕೆಗೆ ಮರ್ಯಾದೆ ಕೊಡಿ. ಕನ್ನಡದಲ್ಲಿ ಸುದ್ದಿ ಬೇಕು ಎಂದು ಬೀದಿಗಿಳಿಯುವ ನಾವು, ಕನ್ನಡದಲ್ಲಿ ನಿಜ ಸುದ್ದಿ ಬೇಕು ಎಂದೂ ಕೇಳೋಣ. ನಿಮ್ಮ ಪಕ್ಷದ ಸಭೆಯಲ್ಲೇ ಎದ್ದು ನಿಂತು ಕೇಳಿ.