ಗೊಬ್ಬರದ ಬಿಸಿಯಲ್ಲಿ ಹಣ್ಣಾದ ಅನಾನಸು



ನಮ್ಮಲ್ಲಿ ಅನಾನಸು ಅಗಳಿನ ಬದಿಯಲ್ಲೋ ಬೇಲಿಯ ಬುಡದಲ್ಲೋ ತಾನಾಗಿ ಬೆಳೆಯುತ್ತದೆ. ಪೇಟೆಗೆ ಒಯ್ದರೆ ರಿಕ್ಷಾ ಬಾಡಿಗೆಯೂ ಹುಟ್ಟುವುದಿಲ್ಲವೆಂದು ಎಷ್ಟೋ ಮನೆಗಳಲ್ಲಿ ಗಿಡದಲ್ಲೇ ಕೊಳೆಯಲು ಬಿಡುತ್ತಾರೆ. ಇದೇ ಹಣ್ಣಿಗಾಗಿ 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರು ಎತ್ತರದ ಗೋಡೆಯ ತೋಟಗಳೊಳಗೆ ಗಾಜಿನ ಮನೆಗಳನ್ನು ಕಟ್ಟಿಸಿದರು. ಹಣ್ಣು ತಿನ್ನುವುದಕ್ಕಿಂತ ಮೇಜಿನ ಮೇಲಿಟ್ಟು ನೆಂಟರಿಗೆ ತೋರಿಸುವುದೇ ದೊಡ್ಡಸ್ತಿಕೆಯಾಗಿತ್ತು.

ಕಾರ್ನ್‌ವಾಲ್ ಪ್ರಾಂತ್ಯದ ಹೆಲಿಗನ್‌ನಲ್ಲಿ, ಟ್ರಿಮೇನ್ ಮನೆತನದ ಹಳೆಯ ಎಸ್ಟೇಟಿನಲ್ಲಿ, ಅಂಥದೊಂದು ಅನಾನಸಿನ ಗುಂಡಿ ಇಂದಿಗೂ ಇದೆ. ಉಪಾಯ ಬಲು ಸರಳ. ಮಧ್ಯದ ಗುಂಡಿಯಲ್ಲಿ ಗಿಡಗಳು, ಮೇಲೆ ಗಾಜಿನ ಮುಚ್ಚಳ. ಎರಡೂ ಬದಿಯ ಕಣಿಗಳಲ್ಲಿ ಕುದುರೆಯ ಹಸಿ ಲದ್ದಿ. ಲದ್ದಿ ಕೊಳೆಯುವಾಗ ಏಳುವ ಬಿಸಿ ನಡುವಿನ ಇಟ್ಟಿಗೆ ಗೋಡೆಯ ಮೂಲಕ ಒಳಗೆ ಹೋಗುತ್ತದೆ. ಗೊಬ್ಬರ ಮಾತ್ರ ಗಿಡಕ್ಕೆ ತಾಗುವುದಿಲ್ಲ. ಬಿಸಿ ಆರಿದರೆ ಹೊಸ ಲದ್ದಿ ತುಂಬಬೇಕು. ಹೊರಗೆ ಹಿಮ ಬೀಳುವ ರಾತ್ರಿಗಳಲ್ಲೂ ಈ ಪಾಡು ತಪ್ಪದು. ನಮ್ಮ ಹಟ್ಟಿಗೊಬ್ಬರದ ರಾಶಿಗೆ ಕೈ ಹಾಕಿ ನೋಡಿದವರಿಗೆ ಆ ಬಿಸಿಯನ್ನು ವಿವರಿಸಬೇಕಾಗಿಲ್ಲ.

1914ರಲ್ಲಿ ಮಹಾಯುದ್ಧ ಬಂತು. ಆ ಆಗಸ್ಟ್‌ನಲ್ಲಿ ತೋಟದ ಆಳುಗಳು ತಮ್ಮ ಕಕ್ಕಸಿನ ಗೋಡೆಯ ಮೇಲೆ ಹೆಸರು ಗೀಚಿದರು. ಅವರಲ್ಲಿ ಹಲವರು ರಣರಂಗದಿಂದ ಮರಳಲಿಲ್ಲ. ಕಾಲಕ್ರಮೇಣ ತೋಟವೆಲ್ಲ ಕಾಡಾಯಿತು. 1990ರ ಬಳಿಕ ಅದನ್ನು ಬಿಡಿಸಿ ಸರಿಪಡಿಸಿದವರು ಲದ್ದಿಯ ಬಿಸಿಯ ಕೆಲಸವನ್ನು ಹೊಸದಾಗಿ ಕಲಿಯಬೇಕಾಯಿತು. 1997ರಲ್ಲಿ ಹಣ್ಣು ಬಂದಾಗ, ಲದ್ದಿಯ ವಾಸನೆ ಇದೆಯೋ ಎಂದು ಮೊದಲನೆಯದನ್ನು ತಾವೇ ತಿಂದು ನೋಡಿ, ಎರಡನೆಯದನ್ನು ರಾಣಿ ಎಲಿಜಬೆತ್‌ಗೆ ಕಳುಹಿಸಿದರಂತೆ!

ಇಂಥ ತೋಟಗಳ ಕಥೆ ಹೇಳುವವರು ಯಜಮಾನರ ಅಭಿರುಚಿಯನ್ನೇ ಕೊಂಡಾಡುತ್ತಾರೆ. ನನಗದು ಸರಿಕಾಣುವುದಿಲ್ಲ. ಗಾಜು ಕೊಂಡವನು ಯಜಮಾನ. ಬಿಸಿ ಎಷ್ಟಿದೆಯೆಂದು ಬಲ್ಲವನು ಆಳು. ಆ ಅರಿವು ಯಾವ ಲೆಕ್ಕಪುಸ್ತಕದಲ್ಲೂ ಇರಲಿಲ್ಲ, ಆತನ ಕೈಯಲ್ಲಿತ್ತು.

ನಮ್ಮಲ್ಲೂ ಹಟ್ಟಿಗಳು ಬರಿದಾಗುತ್ತಿವೆ. ಗೊಬ್ಬರ ಪಕ್ವವಾಯಿತೇ ಎಂದು ಮೂಸಿ ಹೇಳಬಲ್ಲ ಹಿರಿಯರು ಇನ್ನು ಎಷ್ಟು ಮಂದಿ? ಮಕ್ಕಳಿಗೆ ಬಾಟಲಿಯ ಬಣ್ಣದ ನೀರು ಕೊಡಿಸುವ ಬದಲು ಬೇಲಿಯ ಅನಾನಸು ಕೊಯ್ದು ಕೊಡಿ, ಸಿ ಜೀವಸತ್ವ ಧಾರಾಳವಾಗಿದೆ. (ಸಕ್ಕರೆ ಕಾಯಿಲೆಯವರು ಮಿತಿಯಲ್ಲಿ ತಿನ್ನಲಿ.) ಕೊಯ್ಯುವಾಗ, ಆ ಗಿಡ ನೆಟ್ಟವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಹೆಸರು ಬರೆದಿಡಿ.