ಎತ್ತಿಗೂ ಒಂದು ಡೈಲಾಗ್ ಕೊಡ್ರಿ

ಕಡ್ಲಿ ರಾಶಿ ಮುಗಿದೈತಿ, ಮುಂಗಾರಿಗೆ ಇನ್ನೂ ದಿನ ಅದಾವ. ಈ ಸಲ ಬೀಜ, ಗೊಬ್ಬರ, ರೇಟಿನ ಮಾತು ಬಿಟ್ಟು ಸಿನಿಮಾದ ಮಾತು ಬರೀತೀನಿ. ಸಿನಿಮಾ ಅಂದ ಕೂಡಲೇ ಮುಂದಿನ ಪೋಸ್ಟಿಗೆ ಜಿಗಿಬ್ಯಾಡ್ರಿ. ತಿರುಗಾಡಿ ಬಂದ್ರ ಇದೂ ನೀರಿನ ಮಾತೇ.

ಯೋಗರಾಜ ಭಟ್ಟರ ಸಿನಿಮಾ ಅಂದ್ರ ನನಗ ಮೊದಲಿಂದ ಇಷ್ಟ. ಹಿಂದ ಒಂದೊಂದ ನೋಡಿದ್ದೆ, ಅರ್ಧಂಬರ್ಧ ಟಿವಿಯಾಗ, ಒಂದಿಷ್ಟು ಟಾಕೀಜಿನ್ಯಾಗ. ಈ ಸಲ ರಾತ್ರಿ ದನಕ್ಕ ಮೇವು ಹಾಕಿ ಬಂದ ಮ್ಯಾಲೆ, ಒಂದರ ಹಿಂದ ಒಂದು, ವರ್ಷದ ಪ್ರಕಾರ ನೋಡಿಕೊಂತ ಬಂದೆ. ಒಬ್ಬ ಮನುಷ್ಯಾನ ಕೆಲಸಾನ ಹಿಂಗ ಸಾಲಾಗಿ ನೋಡಿದ್ರ ಒಂದ ಹೊಲಾನ ಹತ್ತು ವರ್ಷ ನೋಡಿದಂಗ ಆಗತೈತಿ. ಯಾವ ಮೂಲ್ಯಾಗ ಯಾವಾಗಲೂ ಹಸಿ ಇರತೈತಿ, ಯಾವ ಕಡೆ ಏನ ಹಾಕಿದ್ರೂ ಏಳೋದಿಲ್ಲ ಅನ್ನೋದು ಗೊತ್ತಾಗತೈತಿ.

ಭಟ್ರು ಬೆಳೆದಿದ್ದು ಹಾವೇರಿ ಜಿಲ್ಲೆ ಹಾನಗಲ್ಲ ತಾಲೂಕಿನ ತಿಳವಳ್ಳಿಯಾಗ. ಅಂದ್ರ ನಮ್ಮ ಉತ್ತರ ಕರ್ನಾಟಕದವರ, ಆದ್ರ ಅದು ಭತ್ತದ ಸೀಮಿ, ಅರ್ಧ ಮಲೆನಾಡು. 2003ರಾಗ ‘ಮಣಿ’, 2004ರಾಗ ‘ರಂಗ ಎಸ್‌ಎಸ್‌ಎಲ್‌ಸಿ’ ಮಾಡಿದ್ರು. 2006ರ ಡಿಸೆಂಬರ್ ಕಡೀಗೆ ‘ಮುಂಗಾರು ಮಳೆ’ ಬಂತು. ಅದು ವರ್ಷದ ಮ್ಯಾಲೆ ಓಡ್ತು. ಆಮೇಲೆ ‘ಗಾಳಿಪಟ’, ‘ಮನಸಾರೆ’, ‘ಪಂಚರಂಗಿ’, ‘ಪರಮಾತ್ಮ’, ‘ಡ್ರಾಮಾ’, ‘ಮುಗುಳು ನಗೆ’, ‘ಪಂಚತಂತ್ರ’, ‘ಗಾಳಿಪಟ 2’. 2024ರ ಮಾರ್ಚಿನ್ಯಾಗ ‘ಕರಟಕ ದಮನಕ’.

ಸಾಲಾಗಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ನೀರು. ‘ಮುಂಗಾರು ಮಳೆ’ಯಾಗ ಮಳಿ ನಿಲ್ಲೋದ ಇಲ್ಲ. ಕೊಡಗಿನ ಗುಡ್ಡ, ತೊಯ್ದ ಹೀರೋ, ಅವನ ಕೈಯಾಗ ದೇವದಾಸ ಅನ್ನೋ ಮೊಲ. ‘ಗಾಳಿಪಟ’ದ ಊರಿನ ಹೆಸರ ಮುಗಿಲುಪೇಟೆ. ‘ಗಾಳಿಪಟ 2’ರ ಊರು ನೀರುಕೋಟೆ. ‘ಪಂಚರಂಗಿ’ಯಾಗ ಸಮುದ್ರದ ದಂಡಿ. ನಮಗ ಮುಗಿಲು ಅಂದ್ರ ಕೈ ಹಣಿಗೆ ಇಟಗೊಂಡು ನೋಡೋದು, ಭಟ್ರಿಗೆ ಮುಗಿಲು ಅಂದ್ರ ಒಂದು ಪೇಟೆ. ಇದು ತಪ್ಪಲ್ಲ. ಮನುಷ್ಯ ತಾನು ಬೆಳೆದ ಮಣ್ಣಿನ ಕನಸ ಕಾಣತಾನ.

ಎರಡನೇದು, ಅವರ ನಗಿ ಎಲ್ಲಿಂದ ಹುಟ್ಟತೈತಿ ಅನ್ನೋದು. ಭಟ್ರ ಹೀರೋಗಳಿಗೆ ಕೆಲಸ ಕಡಿಮಿ, ಮಾತು ಜಾಸ್ತಿ. ಒಬ್ಬ ತಾಯಿ ಜತಿ ಮದುವಿಗೆ ಅಂತ ಮಡಿಕೇರಿಗೆ ಹೋಗತಾನ. ಮೂವರು ಗೆಳೆಯಾರು ಊರು ಬ್ಯಾಸರಾಗಿ ಮುಗಿಲುಪೇಟೆಗೆ ಹೋಗತಾರ. ಇನ್ನೊಬ್ಬ ಅಣ್ಣಗ ಹೆಣ್ಣು ನೋಡಾಕ ಮನಿಮಂದಿ ಜತಿ ಹೋಗತಾನ. ‘ಮನಸಾರೆ’ಯಾಗ ಒಬ್ಬನ್ನ ತಪ್ಪಿ ಹುಚ್ಚರ ಆಸ್ಪತ್ರಿಗೆ ಒಯ್ದು ಹಾಕತಾರ. ಹೊರಗಿನವ ಒಬ್ಬ ಹೊಸಾ ಜಾಗಕ್ಕ ಬರತಾನ, ಎಲ್ಲರ ತಲಿ ತಿಂತಾನ, ಪ್ರೀತಿ ಮಾಡತಾನ, ಜೀವನ ಇಷ್ಟ ಅಂತ ಒಂದ ವೇದಾಂತ ಹೇಳತಾನ. ಮಾತಿನ ಮ್ಯಾಲೆ ಮಾತು ಪೇರಿಸೋ ಈ ಆಟದಾಗ ಭಟ್ರನ್ನ ಮೀರಿಸೋರು ಕಡಿಮಿ. ನಾನಂತೂ ಹೊಟ್ಟಿ ಹಿಡಕೊಂಡು ನಕ್ಕೀನಿ, ಈಗ ಮತ್ತ ನೋಡಿದಾಗೂ ನಕ್ಕೆ.

ಆದ್ರ ಒಂದ ವಿಚಾರ ಮಾಡ್ರಿ. ಇಂಥಾ ಮಾತಿಗೆ ಪುರಸೊತ್ತು ಬೇಕು. ಮಳಿ ಹೊರಗ ತಾನ ತಾನ ಬರಾಕತ್ತಿದ್ರ ಒಳಗ ಕುಂತು ಪ್ರೀತಿ, ಜೀವನ ಅಂತ ಮಾತಾಡಬಹುದು. ಹಸಿರು ನಾಡಿನ ಕಾಮಿಡಿ ಇದು. ಇದರಾಗ ಯಾರಿಗೂ ನಾಳಿನ ಊಟದ ಚಿಂತಿ ಇಲ್ಲ, ಇರೋದು ಮನಸ್ಸಿನ ಚಿಂತಿ.

ಇದೇ ಕಾಮಿಡಿ ಒಣಭೂಮಿಗೆ ಬಂದ್ರ ಏನಾಗತೈತಿ? ಅದಕ್ಕ ಉತ್ತರ ‘ಕರಟಕ ದಮನಕ’.

ಕಥಿ ಗೊತ್ತಿರಬಹುದು. ಶಿವರಾಜಕುಮಾರ್, ಪ್ರಭುದೇವ ಇಬ್ಬರೂ ಜೈಲಿನ್ಯಾಗಿರೋ ಮೋಸಗಾರರು. ಜೈಲಿನ ಸಾಹೇಬ ಅವರನ್ನ ತನ್ನ ಊರು ನಂದಿಕೋಲೂರಿಗೆ ಕಳಸತಾನ, ಊರು ಬಿಟ್ಟು ಬರವಲ್ಲದ ತನ್ನ ಹೆತ್ತವರನ್ನ ಕರಕೊಂಡ ಬರ್ರಿ ಅಂತ. ಊರಿಗೆ ನೀರಿಲ್ಲ, ಮಂದಿ ಗುಳೆ ಹೊಂಟಾರ. ಮೋಸ ಮಾಡಾಕ ಬಂದವರು ಕಡೀಗೆ ಊರಿನ ಸಲುವಾಗಿ ನಿಲ್ಲತಾರ.

ಇದು ಬಿಡುಗಡಿ ಆದ ಹೊತ್ತು ನೆನಪ ಮಾಡಿಕೊಳ್ರಿ. 2023ರ ಬರ. ರಾಜ್ಯದಾಗ 223 ತಾಲೂಕು ಬರಪೀಡಿತ ಅಂತ ಸರಕಾರನ ಘೋಷಣೆ ಮಾಡಿತ್ತು. ಬರಗಾಲದಾಗ ಅಧಿಕ ಮಾಸ ಅಂತ ಗಾದಿ ಐತಲ್ಲ, ಆ ವರ್ಷ ಅದು ಖರೇನ ಆತು, ಅಧಿಕ ಶ್ರಾವಣನೂ ಬಂದಿತ್ತು. ಯಲಬುರ್ಗಾ, ಕುಷ್ಟಗಿ ಕಡೆ ಮುಗಿಲ ನೋಡಿ ಕುತ್ತಿಗಿ ನೋವಾದ್ರ, ಗಂಗಾವತಿ ಕಡೆ ಡ್ಯಾಮಿನ ಮಟ್ಟ ನೋಡಿ ಎರಡನೇ ಭತ್ತದ ಆಸೆ ಬಿಟ್ಟಿದ್ರು. ಇಂಥಾ ಹೊತ್ತಿನ್ಯಾಗ ದೊಡ್ಡ ಹೀರೋಗಳನ್ನ ಇಟಗೊಂಡು, ಗುಳೆ ಅನ್ನೋ ಮಾತನ್ನ ನಡುವ ಇಟ್ಟು, ನಗಿಸೋ ಸಿನಿಮಾ ಮಾಡಿದ್ದಕ್ಕ ಭಟ್ರಿಗೆ ನಾನು ಕೈ ಮುಗಿತೀನಿ. ಬರ ಅಂದ್ರ ಬಿರುಕು ಬಿಟ್ಟ ನೆಲ, ತಲಿ ಮ್ಯಾಲೆ ಕೈ ಹೊತ್ತ ಮುದುಕ, ಇಷ್ಟ ತೋರಿಸಿ ನಮ್ಮನ್ನ ಅಳಿಸೋರು ಭಾಳ ಮಂದಿ ಅದಾರ. ನಗಿಸೋರು ಕಡಿಮಿ. ‘ಬರದಾಗ ಏನ್ ಕಾಮಿಡಿ’ ಅಂತ ಬೈದೋರ ಮಾತು ನಾನು ಒಪ್ಪೋದಿಲ್ಲ. ಬರದಾಗ ನಗದಿದ್ರ ನಮ್ಮ ಹಿರೇರು ಉಳಿತಿದ್ದಿಲ್ಲ.

ನನ್ನ ತಕರಾರು ಬ್ಯಾರೆ ಐತಿ. ಅದು ಹೆಸರಿನ್ಯಾಗ ಐತಿ.

ಕರಟಕ, ದಮನಕ ಯಾರು? ಪಂಚತಂತ್ರದ ಎರಡು ನರಿಗಳು. ಈ ಕಥಿಗಳನ್ನ ಕನ್ನಡಕ್ಕ ತಂದ ದುರ್ಗಸಿಂಹ 11ನೇ ಶತಮಾನದವ, ಚಾಲುಕ್ಯ ಅರಸ ಜಗದೇಕಮಲ್ಲ ಜಯಸಿಂಹನ ಹತ್ರ ಇದ್ದಾವ. ಅವನ ಊರು ಕಿಸುಕಾಡು ನಾಡಿನ ಸಯ್ಯಡಿ. ಅದು ಈಗಿನ ರೋಣ ತಾಲೂಕಿನ ಸವಡಿ ಅಂತ ಹೇಳತಾರ. ರೋಣ ಅಂದ್ರ ನಮ್ಮ ಯಲಬುರ್ಗಾದ ಮಗ್ಗಲ ತಾಲೂಕು. ಅಂದ್ರ ಕರಟಕ ದಮನಕರು ಕನ್ನಡ ಕಲಿತಿದ್ದು ನಮ್ಮ ಬಯಲು ಸೀಮ್ಯಾಗ ಅಂದ್ರೂ ನಡೀತೈತಿ.

ಆ ಕಥ್ಯಾಗ ನರಿ, ಸಿಂಹ ಅಷ್ಟ ಅಲ್ಲ, ಒಂದು ಎತ್ತೂ ಐತಿ. ಸಂಜೀವಕ ಅಂತ ಅದರ ಹೆಸರು. ವ್ಯಾಪಾರಿ ಬಂಡಿ ಎಳಕೊಂತ ಹೋಗುವಾಗ ದಾರ್ಯಾಗ ಬೀಳತೈತಿ. ಬಂಡಿ ನಿಲ್ಲಬಾರದು ಅಂತ ಧಣಿ ಅದನ್ನ ಕಾಡಿನ್ಯಾಗ ಬಿಟ್ಟು ಹೋಗತಾನ. ಎತ್ತು ಸಾಯೋದಿಲ್ಲ. ಹುಲ್ಲು ಮೇದು, ನೀರು ಕುಡದು, ತಾನ ಎದ್ದು ನಿಲ್ಲತೈತಿ. ಹೆಂಗ ಗುಟುರು ಹಾಕತೈತಿ ಅಂದ್ರ ಸಿಂಹಾನ ಹೆದರತೈತಿ! ಆಮೇಲೆ ದಮನಕ ಬರತಾನ, ಇಬ್ಬರನ್ನೂ ಗೆಳೆಯಾರನ್ನ ಮಾಡತಾನ, ಮತ್ತ ತಾನ ಜಗಳ ಹಚ್ಚತಾನ. ಕಡೀಗೆ ಸಾಯೋದು ಎತ್ತು. ಬುದ್ಧಿವಂತ ಅಂತ ಹೆಸರ ಬರೋದು ನರಿಗೆ.

ಈಗ ಹೇಳ್ರಿ, ಈ ಕಥ್ಯಾಗ ನಾವ್ಯಾರು? ಸಿಂಹ ಅಲ್ಲ. ನರಿಯಂತೂ ಅಲ್ಲ. ಬಂಡಿ ಎಳೆದು, ಬಿದ್ದಾಗ ಬಿಟ್ಟು ಹೋಗಿಸಿಕೊಂಡು, ತಾನ ಎದ್ದು ನಿಂತ ಎತ್ತು ನಾವು.

ಭಟ್ರ ಸಿನಿಮಾದಾಗ ನರಿಗಳು ಒಳ್ಳೇವು ಆಗತಾವ, ಅದು ಅವರ ದೊಡ್ಡ ಮನಸ್ಸು. ಆದ್ರ ಡೈಲಾಗ್ ಎಲ್ಲಾ ನರಿಗಳಿಗೇ. ಹೊರಗಿಂದ ಬಂದವರು ಮಾತಾಡತಾರ, ಊರಿನವರು ಕೇಳತಾರ. ಹೊರಗಿನವರು ಆಟ ಹೂಡತಾರ, ಊರಿನವರು ಆಟದ ಕಾಯಿ ಆಗತಾರ. ಮಡಿಕೇರಿ, ಮುಗಿಲುಪೇಟೆಗೆ ಹೊಂದಿದ ಅಂಗಿನ ಭಟ್ರು ನಂದಿಕೋಲೂರಿಗೂ ತೊಡಿಸ್ಯಾರ. ಹಸಿರು ಊರಿಗೆ ಹೊರಗಿನವ ಬಂದ್ರ ಹುಡುಗೀನ ಮನಸ್ಸು ಗೆಲ್ಲತಾನ, ಅಷ್ಟ. ಬರದ ಊರಿಗೆ ಹೊರಗಿನವ ಬಂದ ನೀರ ತರತಾನ ಅಂದ್ರ ಅದು ಬ್ಯಾರೆ ಮಾತು. ನಮ್ಮ ಕೈಯಾಗ ಏನೂ ಇಲ್ಲ, ಯಾರಾರ ಬರಬೇಕು ಅನ್ನೋದನ್ನ ನಗಿಸಿಕೊಂತ ನಮ್ಮ ಮಕ್ಕಳಿಗೆ ಹೇಳಿದಂಗ ಆಗತೈತಿ. ನಕ್ಕೊಂತ ಕೇಳಿದ್ದು ಅತ್ತು ಕೇಳಿದ್ದಕ್ಕಿಂತ ಆಳಕ್ಕ ಇಳಿತೈತಿ, ಅದಕ್ಕ ನನಗ ಅಂಜಿಕಿ.

‘ಸಿನಿಮಾ ಸಿನಿಮಾನ, ನಗಿಸಿದ್ರ ಸಾಕು, ನೀವ್ಯಾಕ ಹೊಲ ಹರಗಿದಂಗ ಹರಗತೀರಿ’ ಅಂತ ಗೆಳೆಯಾರು ಅಂದ್ರು. ನಾನೂ ನಗು ಬೇಕು ಅನ್ನಾವ. ನಾನು ಕೇಳೋದು ಇಷ್ಟ, ನಗಿ ಯಾರದು? ನಮ್ಮನ್ನ ನೋಡಿ ನಗೋದು ಒಂದು, ನಾವ ನಗೋದು ಇನ್ನೊಂದು.

ನಾವು ನಗೋದಿಲ್ಲೇನು? ನಮ್ಮ ಕಟ್ಟಿ ಮ್ಯಾಲೆ ಒಂದ ತಾಸು ಕುಂತು ನೋಡ್ರಿ. ಬೆಳಿ ಹೆಂಗೈತಿ ಅಂತ ಕೇಳಿದ್ರ ‘ಭಾಳ ಛಲೋ ಐತ್ರಿ, ಕಳೆ ಸೈತ ಹುಟ್ಟಿಲ್ಲ’ ಅಂತಾನ ಒಬ್ಬ. ಗುಳೆ ಹೊಂಟ ಮೊಮ್ಮಗಗ ಆಯಿ ಹೇಳತಾಳ, ‘ಬೆಂಗಳೂರಾಗ ಮಳಿ ಆದ್ರ ನೀರು ರಸ್ತಿ ಮ್ಯಾಲೆ ನಿಲ್ಲತೈತಂತ, ಬರುವಾಗ ಒಂದ ಕೊಡ ತುಂಬಿಕೊಂಡು ಬಾ’. ಈ ಮಾತಿನ್ಯಾಗ ಕರುಣೆ ಬೇಡೋದಿಲ್ಲ, ಬಡಿವಾರನೂ ಇಲ್ಲ. ಬಯಲಾಟ, ಸಣ್ಣಾಟ, ಜಾತ್ರ್ಯಾಗಿನ ಕಂಪನಿ ನಾಟಕ ಎಲ್ಲಾ ಕಡೆ ಈ ನಗಿ ಐತಿ. ‘ಶ್ರೀಕೃಷ್ಣ ಪಾರಿಜಾತ’ದಾಗ ಸಾಕ್ಷಾತ್ ದೇವರ ಮನಿ ಜಗಳಾನ ಊರ ಮಂದಿ ಮುಂದ ನಗಿ ಆಗತೈತಿ. ನಮ್ಮ ಗಂಗಾವತಿ ಪ್ರಾಣೇಶ್ ಅವರು ದೇಶ ವಿದೇಶ ತಿರುಗಿ ಮಂದೀನ ನಗಿಸ್ಯಾರ, ಈ ಕಡೆಯ ಮಾತು ಇಟಗೊಂಡನ. ಈ ಭಾಷಿಗೆ ನಗಿಸೋದು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಭಟ್ರಿಗೂ ಇದು ಬರೋದಿಲ್ಲ ಅಂತಲ್ಲ. ‘ಮುಗುಳು ನಗೆ’ ನೋಡ್ರಿ. ಅಳಾಕ ಬರದ, ಏನಾದ್ರೂ ನಗೋ ಹುಡುಗನ ಕಥಿ ಅದು. ಪ್ಯಾಟಿ ಹುಡುಗನ ಪ್ರೀತಿ ಕಥಿ ಅಂತ ಮಾಡ್ಯಾರ, ನನಗ ನೋಡುವಾಗ ನಮ್ಮ ಊರಾಗಿನ ಎಷ್ಟ ಮುಖ ಕಣ್ಣ ಮುಂದ ಬಂದುವು. ಬೆಳಿ ಹೋದ ದಿನಾನೂ ಚಾದಂಗಡ್ಯಾಗ ಎಲ್ಲರನ್ನೂ ನಗಿಸಿ, ಮನಿಗೆ ಹೋಗಿ ಸುಮ್ಮನ ಮಕ್ಕೊಳ್ಳೋ ಮುಖಗಳು. ಆ ಹುಡುಗ ಒಬ್ಬ ರೈತ ಆಗಿದ್ರ ಅದು ಭಟ್ರ ಎಲ್ಲಕ್ಕಿಂತ ದೊಡ್ಡ ಸಿನಿಮಾ ಆಗತಿತ್ತು ಅನ್ನೋದು ನನ್ನ ಅನಿಸಿಕಿ.

ಕಥಿ ಬೇಕಂದ್ರ ನಮ್ಮ ಜಿಲ್ಲ್ಯಾಗ ಬೇಕಾದಷ್ಟು ಬಿದ್ದಾವ. 2019ರಾಗ ಕೊಪ್ಪಳ ಗವಿಮಠದ ಸ್ವಾಮೀಜಿಯವರು ಮುಂದ ನಿಂತು ಹಿರೇಹಳ್ಳದ ಹೂಳು, ಜಾಲಿ ತೆಗಿಸಿದ್ರು. ಹತ್ತಾರು ಊರಿನ ಮಂದಿ ಕೈ ಹಚ್ಚಿದ್ರು, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಹಳ್ಳ ಸ್ವಚ್ಛ ಆತು. ಕುಷ್ಟಗಿ ಕಡೆ ನಿಡಶೇಸಿ ಕೆರಿ ಹೂಳನ್ನೂ ಮಂದೀನ ಸೇರಿ ತೆಗೆದ್ರು. ಅಲ್ಲಿ ಎಷ್ಟ ಜಗಳ, ಎಷ್ಟ ಚಾಷ್ಟಿ, ಎಷ್ಟ ಹಟ ಇದ್ದಿರಬೇಕು ವಿಚಾರ ಮಾಡ್ರಿ. ‘ನಮ್ಮ ಹೊಲದ ಬದು ಮುಟ್ಟಬ್ಯಾಡ’ ಅನ್ನಾವ ಒಬ್ಬ, ‘ಹೂಳು ನನಗ ಬೇಕು’ ಅನ್ನಾವ ಇನ್ನೊಬ್ಬ ಇಲ್ಲದ ಹಳ್ಳದ ಕೆಲಸ ಈ ಭೂಮಿ ಮ್ಯಾಲೆ ಆಗೈತೇನು? ಕಾಮಿಡಿ ಅಂದ್ರ ಅದಾ ಅಲ್ರಿ?

ಇನ್ನ ‘ಕರಟಕ ದಮನಕ’ ಬಂದು ಐದ ತಿಂಗಳಿಗೆ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಹರಿದು ಕೊಚ್ಚಿಕೊಂಡು ಹೋತು. ಹಿಂದಿನ ವರ್ಷ ನೀರಿಲ್ಲ ಅಂತ ಅತ್ತವರು, ಈ ವರ್ಷ ತುಂಬಿದ ಡ್ಯಾಮಿನಿಂದ ನೀರು ಹೋಗೋದನ್ನ ನೋಡಿಕೊಂತ ನಿಂತ್ರು. ಒಂದ ವಾರದಾಗ ಕನ್ನಯ್ಯ ನಾಯ್ಡು ಅನ್ನೋ ಹಿರಿಯ ತಜ್ಞರು, ನೂರಾರು ಕೆಲಸಗಾರರು ಸೇರಿ ಹರಿಯೋ ನೀರಿನ್ಯಾಗ ಸ್ಟಾಪ್‌ಲಾಗ್ ಇಳಿಸಿದ್ರು. ಅವರೂ ಹೊರಗಿಂದ ಬಂದವರ, ಹೌದು. ಆದ್ರ ಅವರು ಬಂದಿದ್ದು ಮಾತು, ಮೋಸ ಹೊತಗೊಂಡಲ್ಲ, ಕಸಬು ಹೊತಗೊಂಡು. ನರಿಗೂ ಕಸಬುದಾರಗೂ ಇರೋ ಫರಕು ಅದು.

ಅದಕ್ಕ ನನ್ನ ಮಾತು ಇಷ್ಟ. ಭಟ್ರು ಇನ್ನೊಂದು ಸಲ ನಮ್ಮ ಕಡೆ ಬರಲಿ, ನಗಿಸಲಿ. ಬರ, ಗುಳೆ, ಸಾಲ, ಗೇಟ್, ಯಾವುದನ್ನ ಬೇಕಾದ್ರೂ ಇಟಗೊಂಡು ನಗಿಸಲಿ. ಆದ್ರ ಮುಂದಿನ ಕಥ್ಯಾಗ ನರಿಗಳಿಗೆ ತುಸು ಸುಮ್ಮನ ಕುಂದ್ರಾಕ ಹೇಳಿ, ಎತ್ತಿಗೆ ಮಾತು ಕೊಡಲಿ. ಅದು ಬಾಯಿ ತೆಗೆದ್ರ ಸಿಂಹಾನ ಅಂಜಿತ್ತು ಅನ್ನೋದನ್ನ ಪಂಚತಂತ್ರನ ಹೇಳೈತಿ.

ಭಟ್ರು ಬರೋತನಕ ಕಾಯೋದೂ ಬ್ಯಾಡ. ನಮ್ಮ ಹುಡುಗರ ಕೈಯಾಗ ಮೊಬೈಲ್ ಅದಾವ. ಯೂಟ್ಯೂಬಿನ್ಯಾಗ ನಮ್ಮ ಕಡೆ ಹುಡುಗರು ಮಾಡೋ ಜವಾರಿ ಕಾಮಿಡಿ ಊರೂರಾಗ ನೋಡತಾರ. ಕುಡದಾವ, ಹೆಂಡತಿಗೆ ಹೆದರಾವ, ಇವರನ್ನ ತುಸು ಬಿಟ್ಟು, ಬೆಳಿ ವಿಮಿಗೆ ಅಲೆದಾಡಾವನ, ಬೋರಿಗೆ ಪಾಯಿಂಟ್ ಹುಡಕಾವನ, ಹಳ್ಳದ ಹೂಳಿಗೆ ಜಗಳ ಮಾಡಾವನ ಕಥಿ ಮಾಡ್ರಿ ತಮ್ಮಾರ. ನಾವ ನಿಂತು ಆ್ಯಕ್ಟಿಂಗ್ ಮಾಡತೀವಿ, ದಿನಗೂಲಿನೂ ಬ್ಯಾಡ, ಮಧ್ಯಾಹ್ನ ಒಂದ ಹೊತ್ತು ರೊಟ್ಟಿ, ಹೆಸರಕಾಳ ಪಲ್ಯ ಇದ್ರ ಸಾಕು.

ನಿಮ್ಮ ಕಟ್ಟಿ ಮ್ಯಾಲೆ ಕೇಳಿದ ಒಳ್ಳೆ ನಗಿ ಮಾತು ಇದ್ರ ಬರದು ಕಳಸ್ರಿ. ಮುಂಗಾರು ಬಿತ್ತಿಗಿ ಶುರು ಆದ್ರ ಯಾರಿಗೂ ಪುರಸೊತ್ತು ಇರೋದಿಲ್ಲ.